ಒಂದೇ ಚಿತ್ರ, ಎರಡು ಸಾಲು

ಈ ವರ್ಷದ ಬ್ಯಾಲೆಟ್ ಫಾರ್ಮ್ ನಿನ್ನೆ ಸಂಜೆ ಸದಸ್ಯರಿಗೆಲ್ಲ ಹೋಯಿತು. ಕಳಿಸುವ ಮುಂಚೆ ಎರಡು ಗಂಟೆ ಕೂತು ಬರೀ ಚಿತ್ರಗಳ ಹೆಸರು ನೋಡಿದೆ. ಒಂದೊಂದೇ ಅಕ್ಷರ. ಪಕ್ಕದ ಸೀಟಿನ ಹುಡುಗ ಯಾಕೆ ಅಂತ ಕೇಳಲಿಲ್ಲ. ಅವನಿಗೆ ಗೊತ್ತು.

ನಾನು ಸಿನಿಮಾ ವಿಮರ್ಶಕರ ಒಂದು ರಾಷ್ಟ್ರೀಯ ಸಂಘದಲ್ಲಿದ್ದೇನೆ. ವಿಮರ್ಶಕಿ ಅಲ್ಲ, ಆಫೀಸಿನವಳು. ಸದಸ್ಯರು ಚಿತ್ರ ನೋಡೋಕೆ ಬೇಕಾದ ಸ್ಕ್ರೀನರ್ ಲಿಂಕ್ ತರಿಸೋದು, ಪಾಸ್‌ವರ್ಡ್ ಹಂಚೋದು, ಇನ್ನೂ ನೋಡದವರಿಗೆ ಫೋನ್ ಮಾಡಿ ನೆನಪಿಸೋದು, ವರ್ಷದ ಪ್ರಶಸ್ತಿಯ ಓಟು ಎಣಿಸೋದು, ಪ್ರೆಸ್ ನೋಟ್ ಕಳಿಸೋದು. ವರ್ಷವಿಡೀ ಪಟ್ಟ ಕಷ್ಟ ಒಂದೇ ಮಧ್ಯಾಹ್ನದಲ್ಲಿ ತೀರ್ಮಾನ ಆಗುತ್ತದೆ.

ನಮ್ಮ ಓಟಿನ ನಿಯಮ ಅಮೆರಿಕದ ನ್ಯಾಷನಲ್ ಸೊಸೈಟಿ ಆಫ್ ಫಿಲ್ಮ್ ಕ್ರಿಟಿಕ್ಸ್ ನಿಯಮದ ಹಾಗೇ ಇದೆ. 1966ರಲ್ಲಿ ಶುರುವಾದ ಸಂಘ ಅದು. ಪ್ರತಿ ಸದಸ್ಯರು ಒಂದೊಂದು ವಿಭಾಗಕ್ಕೆ ಮೂರು ಹೆಸರು ಬರೀತಾರೆ. ಮೊದಲನೆಯದಕ್ಕೆ 3 ಅಂಕ, ಎರಡನೆಯದಕ್ಕೆ 2, ಮೂರನೆಯದಕ್ಕೆ 1. ಜಾಸ್ತಿ ಅಂಕ ಬಂದರೆ ಸಾಲದು, ಅರ್ಧಕ್ಕಿಂತ ಹೆಚ್ಚು ಬ್ಯಾಲೆಟ್‌ಗಳಲ್ಲಿ ಹೆಸರೂ ಇರಬೇಕು. ಇಲ್ಲದಿದ್ದರೆ ಎರಡನೇ ಸುತ್ತು. ಆ ಸುತ್ತಿನಲ್ಲಿ ಪ್ರಾಕ್ಸಿ ಓಟು, ಅಂದರೆ ಬರದವರು ಕಳಿಸಿದ ಓಟು, ಲೆಕ್ಕಕ್ಕಿಲ್ಲ. ನನಗೆ ಈ ನಿಯಮ ತುಂಬಾ ಇಷ್ಟ. ಹತ್ತು ಜನ ತಲೆ ಮೇಲೆ ಹೊತ್ತುಕೊಂಡ ಮಾತ್ರಕ್ಕೆ ಯಾವ ಚಿತ್ರವೂ ಗೆಲ್ಲಲ್ಲ.

ಆದರೆ ಒಂದು ತೊಂದರೆ ಇದೆ. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗೆ ತೀರ್ಪುಗಾರರ ಸಮಿತಿ ಒಟ್ಟಿಗೆ ಕೂತು ಮಾತಾಡುತ್ತದೆ. ಅಲ್ಲಿ ಏನಾದರೂ ಎಡವಟ್ಟಾದರೆ ಯಾರಾದರೂ 'ಇರಿ, ಇರಿ' ಅನ್ನಬಹುದು. ನಮ್ಮಲ್ಲಿ ಚರ್ಚೆ ಇಲ್ಲ. ಬರೆದ ಹೆಸರು, ಕೂಡಿದ ಅಂಕ, ಅಷ್ಟೇ. ಕೂಡುವವರ ಕೈ ತಪ್ಪಿದರೆ ಹಿಡಿಯೋರಿಲ್ಲ.

ಹಾಗೆ ಕೈ ತಪ್ಪಿದ ವರ್ಷ ಕೂಡಿದ್ದು ನಾನು.

ಫಾರ್ಮ್‌ನಲ್ಲಿ ಚಿತ್ರದ ಹೆಸರು ಟೈಪ್ ಮಾಡಬೇಕಿತ್ತು. ಡ್ರಾಪ್‌ಡೌನ್ ಹಾಕಿಸಿ ಅಂತ ಎರಡು ವರ್ಷದಿಂದ ಕಾರ್ಯಕಾರಿ ಸಮಿತಿಗೆ ಬರೆಯುತ್ತಲೇ ಇದ್ದೆ. 'ಹಿರಿಯರಿದ್ದಾರೆ, ಅವರಿಗೆ ಪಟ್ಟಿಯಲ್ಲಿ ಹುಡುಕೋದು ಕಷ್ಟ' ಅನ್ನುವ ಉತ್ತರ ಬರುತ್ತಿತ್ತು. ಎಂಬತ್ತು ಚಿತ್ರದ ಪಟ್ಟಿ. ಅದರಲ್ಲಿ ಹುಡುಕೋದು ಕಷ್ಟ ಅಂತೆ.

ಅತ್ಯುತ್ತಮ ಚಿತ್ರಕ್ಕೆ 41 ಜನ ಓಟು ಹಾಕಿದ್ದರು. ತಲಾ 6 ಅಂಕ, ಒಟ್ಟು 246. ಒಂದೊಂದು ಹೆಸರಿನ ಅಂಕ ತಾನೇ ಕೂಡುವ ಪಿವಟ್ ಟೇಬಲ್ ಹಾಕಿದೆ, ಕೆಳಗೆ 246 ಅಂತಲೇ ಬಂತು. ನನಗೆ ಅಷ್ಟು ಸಾಕಾಯಿತು. ಒಂದು ಹೊಸ ನಿರ್ದೇಶಕಿಯ ಚಿತ್ರ ಮೇಲಿತ್ತು. 38 ಅಂಕ, 22 ಬ್ಯಾಲೆಟ್. 21 ಇದ್ದರೆ ಸಾಕಿತ್ತು. ಎರಡನೇ ಸುತ್ತು ಬೇಡ.

ಆಗ ಹುಡುಗ ನನ್ನ ಸ್ಕ್ರೀನ್ ಕಡೆ ಬಗ್ಗಿ, "ಮೇಡಂ, ಕೆಳಗೆ ಒಂದು ಹೆಸರು ಎರಡು ಸಲ ಬಂದ ಹಾಗಿದೆ, ನೋಡಿ" ಅಂದ. ಅವನು ಸೇರಿ ಎರಡು ತಿಂಗಳೂ ಆಗಿರಲಿಲ್ಲ. ನಾನು ತಲೆ ಎತ್ತದೆ, "ಟೋಟಲ್ ಸರಿ ಇದೆಯಲ್ಲ, ಆಮೇಲೆ ನೋಡೋಣ" ಅಂದೆ. ಅವನು ಸುಮ್ಮನಾದ. ಅವನ ಮಾತಿಗೆ ಅರ್ಧ ನಿಮಿಷ ಕೊಟ್ಟಿದ್ದರೆ ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ.

3:10ಕ್ಕೆ ಪ್ರೆಸ್ ನೋಟ್ ಹೋಯಿತು, 4 ಗಂಟೆಯವರೆಗೆ ಎಂಬಾರ್ಗೊ, ಅಂದರೆ ಅಲ್ಲಿಯವರೆಗೆ ಯಾರೂ ಸುದ್ದಿ ಹಾಕುವ ಹಾಗಿಲ್ಲ. 3:15ಕ್ಕೆ ನಿರ್ದೇಶಕಿಗೆ ನಾನೇ ಫೋನ್ ಮಾಡಿದೆ. ಪತ್ರಕರ್ತರು ಮುತ್ತಿಕೊಳ್ಳುವ ಮುಂಚೆ ತಿಳಿಸೋದು ನಮ್ಮ ರೂಢಿ. ಅವರಿಗೆ ಮಾತೇ ಬರಲಿಲ್ಲ. "ಅಮ್ಮಂಗೆ ಹೇಳಬಹುದಾ?" ಅಂತ ಕೇಳಿದರು. ಹೇಳಿ ಅಂದೆ.

3:36ಕ್ಕೆ ಹಿರಿಯ ವಿಮರ್ಶಕರೊಬ್ಬರ ಮೆಸೇಜ್ ಬಂತು. ತಾವು ಮೊದಲ ಸ್ಥಾನ ಕೊಟ್ಟ ಚಿತ್ರಕ್ಕೆ ಎಷ್ಟು ಬಂತು ಅಂತ ಸುಮ್ನೆ ಕುತೂಹಲಕ್ಕೆ ಕೇಳಿದ್ದರು. ಹುಡುಕಿದೆ. ಮೂರನೇ ಸಾಲಿನಲ್ಲಿತ್ತು, 27 ಅಂಕ. ಟೈಪ್ ಮಾಡುತ್ತಾ ಇನ್ನೂ ಕೆಳಗೆ ಹೋದೆ. ಎಂಟನೇ ಸಾಲಿನಲ್ಲಿ ಅದೇ ಚಿತ್ರ. 14 ಅಂಕ.

ಒಂದೇ ಒಂದು ಅಕ್ಷರದ ವ್ಯತ್ಯಾಸ. ಇಂಗ್ಲಿಷ್‌ನಲ್ಲಿ 'ತ' ಬರೆಯೋದಕ್ಕೆ ನಾವು ದಕ್ಷಿಣದವರು ಟಿ ಪಕ್ಕ ಎಚ್ ಹಾಕುತ್ತೇವೆ. ಉತ್ತರದವರು ಬರೀ ಟಿ ಬರೆಯುತ್ತಾರೆ. ಕೆಲವರು ಪೋಸ್ಟರ್‌ನಲ್ಲಿದ್ದ ಹಾಗೆ ಬರೆದಿದ್ದರು, ಮಿಕ್ಕವರು ತಮಗೆ ಅಭ್ಯಾಸ ಇದ್ದ ಹಾಗೆ. ಕಂಪ್ಯೂಟರಿಗೆ ಅವು ಎರಡು ಬೇರೆ ಬೇರೆ ಚಿತ್ರ. ಒಟ್ಟು ಮೊತ್ತಕ್ಕೆ ಏನೂ ಆಗಲ್ಲ, 246 ಯಾವತ್ತೂ 246. ನನ್ನ ಹೆಸರಿನಲ್ಲೇ ಆ ಅಕ್ಷರ ಇದೆ. ರೈಲ್ವೆ ಟಿಕೆಟ್‌ನಲ್ಲಿ ಒಂದು ಥರ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು ಥರ. ಅದನ್ನು ತಿದ್ದಿಸೋಕೆ ಎಷ್ಟು ಸಲ ಅಲೆದಿದ್ದೇನೋ. ಎಲ್ಲರಿಗಿಂತ ಮೊದಲು ನನಗೇ ಹೊಳೆಯಬೇಕಿತ್ತು, ಅಲ್ವಾ?

27, 14. ನಲವತ್ತೊಂದು ಅಂಕ. ಮೂರು ಸಲ ಬೆರಳಲ್ಲಿ ಎಣಿಸಿದೆ. ಬ್ಯಾಲೆಟ್ 16, 7, ಒಟ್ಟು 23.

ಕಂಪ್ಯೂಟರ್ ಬಿಟ್ಟೆವು. ಹುಡುಗ ಬ್ಯಾಲೆಟ್‌ಗಳನ್ನೆಲ್ಲ ಪ್ರಿಂಟ್ ತೆಗೆದು ಒಂದೊಂದೇ ಗಟ್ಟಿಯಾಗಿ ಓದಿದ. ನಾನು ಹಾಳೆಯ ಮೇಲೆ ಗೀಟು ಹಾಕುತ್ತಾ ಹೋದೆ. ನಾಲ್ಕು ಗೀಟು, ಅಡ್ಡ ಒಂದು. ನನ್ನ ಕೈ ನಡುಗಿ ಒಂದು ಕಡೆ ಗೀಟು ಎರಡಾಯಿತು. "ಮೇಡಂ, ಅದು ಹೊಡೆದು ಹಾಕಿ, ಮೊದಲಿಂದ ಓದ್ತೀನಿ" ಅಂದ. ಮೊದಲಿಂದ ಓದಿದ. 3:49ಕ್ಕೆ ಮುಗಿಯಿತು. 41, 38.

ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಅವರು ಏನೂ ಹೇಳಲಿಲ್ಲ. ಆಮೇಲೆ, "ಇಬ್ಬರಿಗೂ ಹಂಚಿಬಿಟ್ಟರೆ ಹೇಗಮ್ಮಾ? ಯಾರಿಗೂ ಬೇಜಾರಾಗಲ್ಲ" ಅಂದರು.

ಇದನ್ನು ಮುಚ್ಚಿಡದೆ ಹೇಳಬೇಕು. ಆ ಮಾತು ಕೇಳಿ ನನಗೆ ಹೋದ ಜೀವ ಬಂದ ಹಾಗಾಯಿತು. ನಿರ್ದೇಶಕಿಗೆ ಮತ್ತೆ ಫೋನ್ ಮಾಡೋದು ಬೇಡ. ನನ್ನ ತಪ್ಪು ಹೊರಗೆ ಬರೋದು ಬೇಡ. 'ಆಗಲಿ ಸರ್' ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಎರಡು ಸಾಲನ್ನು ಒಂದು ಮಾಡದೆ ಬಿಟ್ಟದ್ದಕ್ಕಿಂತ ಈ ಕ್ಷಣ ನನ್ನನ್ನು ಜಾಸ್ತಿ ಕಾಡುತ್ತದೆ.

ತಡೆದದ್ದು ಒಂದು ಹಳೇ ಲೆಕ್ಕ. ನಾವು ಯಾರ ನಿಯಮ ಅನುಸರಿಸುತ್ತೇವೋ ಅದೇ ಅಮೆರಿಕದ ಸಂಘ 2015ರ ಜನವರಿಯಲ್ಲಿ ನಿರ್ದೇಶಕ ಗೊದಾರ್ ಅವರ 'ಗುಡ್‌ಬೈ ಟು ಲ್ಯಾಂಗ್ವೇಜ್' ಚಿತ್ರಕ್ಕೆ ಅತ್ಯುತ್ತಮ ಚಿತ್ರ ಪ್ರಶಸ್ತಿ ಕೊಟ್ಟಿತ್ತು. ಅದಕ್ಕೆ 25 ಅಂಕ. 'ಬಾಯ್‌ಹುಡ್' ಚಿತ್ರಕ್ಕೆ 24. ಬರೀ ಒಂದು ಅಂಕ. 'ಬಾಯ್‌ಹುಡ್' ಆ ಸೀಸನ್‌ನಲ್ಲಿ ಎಲ್ಲ ಕಡೆ ಗೆಲ್ಲುತ್ತಿದ್ದ ಚಿತ್ರ. ಹಂಚಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲವೇನೋ. ಅವರು ಹಂಚಲಿಲ್ಲ, ಅಂಕ ಸಮೇತ ಹೇಳಿದರು. 2017ರ ಆಸ್ಕರ್‌ನಲ್ಲಿ ತಪ್ಪು ಲಕೋಟೆ ಕೈಗೆ ಹೋಗಿ 'ಲಾ ಲಾ ಲ್ಯಾಂಡ್' ಅಂತ ಕೂಗಿಬಿಟ್ಟರು. ಆ ಚಿತ್ರದ ತಂಡ ವೇದಿಕೆ ಮೇಲೆ ನಿಂತು ಮಾತಾಡುತ್ತಿದ್ದಾಗಲೇ ತಿದ್ದಿ 'ಮೂನ್‌ಲೈಟ್' ಅಂದರು. ಇಡೀ ಜಗತ್ತು ನೋಡುತ್ತಿತ್ತು. ನಮ್ಮದು ಇನ್ನೂ ಎಂಬಾರ್ಗೊ ಒಳಗೇ ಇತ್ತು.

"ಸರ್, ಅಂಕ ಸಮ ಬಂದರೆ ಮಾತ್ರ ಹಂಚಬಹುದು. ನಮ್ಮ ನಿಯಮದಲ್ಲೇ ಇದೆ" ಅಂದೆ. ಅವರು ಬೈಯಲಿಲ್ಲ. "ಸರಿ, ಎಂಬಾರ್ಗೊ ಐದಕ್ಕೆ ಹಾಕು" ಅಂದರು. 3:54ಕ್ಕೆ ಮೇಲ್ ಹೋಯಿತು. ಹುಡುಗ ಪತ್ರಕರ್ತರಿಗೆಲ್ಲ ಫೋನ್ ಹಚ್ಚಿದ. ಒಂದು ಕಡೆ ಹಳೇ ಹೆಸರು ಆಗಲೇ ಬಂದುಬಿಟ್ಟಿತ್ತು. ತೆಗೆಸೋದಕ್ಕೆ ಇಪ್ಪತ್ತು ನಿಮಿಷ ಆಯಿತು.

ನಿರ್ದೇಶಕಿಗೆ ನಾನೇ ಮಾಡಬೇಕಿತ್ತು. ಹುಡುಗ, "ನಾನು ಮಾತಾಡ್ಲಾ ಮೇಡಂ?" ಅಂದ. ಬೇಡ ಅಂದೆ.

ಆ ಕಡೆ ಮನೆ ತುಂಬಾ ಜನರ ದನಿ ಕೇಳುತ್ತಿತ್ತು. ವಿಷಯ ಹೇಳಿದೆ. ಎಣಿಸಿದ್ದು ನಾನು, ತಪ್ಪು ನನ್ನದು ಅಂದೆ. ಅವರು ಫೋನ್ ಹಿಡಿದುಕೊಂಡೇ ಎಲ್ಲಿಗೋ ನಡೆದರು, ಬಾಗಿಲು ಹಾಕಿದ ಸದ್ದಾಯಿತು.

"ನನ್ನ ಚಿತ್ರಕ್ಕೆ ಎಷ್ಟು ಬಂತು?"

"38 ಮೇಡಂ. ಅದಕ್ಕೆ 41."

"ಎಷ್ಟು ಜನ ನನ್ನ ಹೆಸರು ಬರೆದಿದ್ದರು ಅಂದ್ರಿ?"

"22."

"ಅದಾದರೂ ನಿಜ ತಾನೇ?"

"ನಿಜ ಮೇಡಂ. ಕೈಯಲ್ಲಿ ಎಣಿಸಿದ್ದೇನೆ."

ಸರಿ ಅಂತ ಹೇಳಿ ಇಟ್ಟರು.

ಡ್ರಾಪ್‌ಡೌನ್‌ಗೆ ಸಮಿತಿ ಆಮೇಲೂ ಒಪ್ಪಲಿಲ್ಲ. ಪ್ರತಿ ಚಿತ್ರದ ಪಕ್ಕ ಒಂದು ಸಂಖ್ಯೆ ಹಾಕೋದಕ್ಕೆ ಮಾತ್ರ ಒಪ್ಪಿದೆ. ಸದಸ್ಯರು ಹೆಸರು ಹೇಗಾದರೂ ಬರೆಯಲಿ, ನಾವು ಕೂಡೋದು ಸಂಖ್ಯೆಯ ಮೇಲೆ. ಹುಡುಗ ಬೇರೆ ಕೂತು ಇನ್ನೊಂದು ಸಲ ಎಣಿಸುತ್ತಾನೆ. ಇಬ್ಬರ ಹಾಳೆಯೂ ಸಾಲು ಸಾಲಾಗಿ ತಾಳೆ ಆಗುವವರೆಗೆ ಪ್ರೆಸ್ ನೋಟ್ ಹೋಗಲ್ಲ, ಯಾರು ಎಷ್ಟೇ ಅವಸರ ಮಾಡಲಿ.

ಈ ವರ್ಷದ ಪಟ್ಟಿಯಲ್ಲಿ ಆ ನಿರ್ದೇಶಕಿಯ ಹೊಸ ಚಿತ್ರ ಇದೆ. ಸಂಖ್ಯೆ 17. ಸ್ಪೆಲಿಂಗ್ ಏನು ಅಂತ ಅವರ ಆಫೀಸಿಗೇ ಫೋನ್ ಮಾಡಿ ಕೇಳಿ ಹಾಕಿದ್ದೇನೆ.