ಬದಲಾವಣೆ ಬಂದಾಗ ಯಾರು ಏನು ಕಳೆದುಕೊಳ್ಳುತ್ತಾರೆ?

ಹೊಸ ತಂತ್ರಾಂಶ ಬಂದಾಗ ಕಚೇರಿಯಲ್ಲಿ ಹೆಚ್ಚು ಗೊಣಗುವವರು ಸಾಮಾನ್ಯವಾಗಿ ಹಳೆಯ ಕೆಲಸದಲ್ಲಿ ಎಲ್ಲರಿಗಿಂತ ಪಳಗಿದವರು. ಮಾನವ ಸಂಪನ್ಮೂಲ ವಿಭಾಗದಲ್ಲಿ ಕೆಲಸ ಮಾಡುತ್ತಾ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಅವರಿಗೆ ಕಲಿಯುವ ಮನಸ್ಸಿಲ್ಲ ಎಂದು ಮೇಲಿನವರು ಬೇಗ ತೀರ್ಮಾನಿಸಿಬಿಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ನಿನ್ನೆಯವರೆಗೆ ಯಾರಿಗೆ ತೊಡಕಾದರೂ ಅವರ ಮೇಜಿನ ಬಳಿಗೇ ಬರುತ್ತಿದ್ದರು. ಈಗ ಅವರೇ ಹೊಸದಾಗಿ ಸೇರಿದ ಹುಡುಗನನ್ನು ಕರೆದು ‘ಮುಂದೆ ಎಲ್ಲಿ ಒತ್ತಬೇಕಪ್ಪಾ?’ ಎಂದು ಕೇಳಬೇಕು. ವರ್ಷಗಟ್ಟಲೆ ದುಡಿದು ಗಳಿಸಿದ ಸ್ಥಾನ ಒಂದೇ ಸೋಮವಾರ ಕೈಬಿಟ್ಟು ಹೋದರೆ ಯಾರು ತಾನೇ ನಗುತ್ತಾ ಒಪ್ಪಿಕೊಂಡಾರು?

ನಮ್ಮ ಉಗ್ರಾಣದ ಲೆಕ್ಕವನ್ನು ಹೊಸ ತಂತ್ರಾಂಶಕ್ಕೆ ಸಾಗಿಸುವಾಗ ಹಿರಿಯ ಸಹೋದ್ಯೋಗಿಯೊಬ್ಬರು ಪ್ರತಿ ಸಭೆಯಲ್ಲೂ ಆಕ್ಷೇಪ ಎತ್ತುತ್ತಿದ್ದರು. ಅವರನ್ನು ಸಭೆಯಿಂದ ದೂರ ಇಡುವ ಮಾತೂ ಬಂದಿತ್ತು. ಅದರ ಬದಲು, ಪರೀಕ್ಷೆಯ ಹೊಣೆಯನ್ನು ಅವರಿಗೇ ಕೊಡೋಣ ಎಂದು ನಾನು ಪಟ್ಟು ಹಿಡಿದೆ. ಅವರು ಕೇಳಿದ ಮೊದಲ ಪ್ರಶ್ನೆಯೇ ಎಲ್ಲರನ್ನೂ ಸುಮ್ಮನಾಗಿಸಿತು: ‘ಸರ್, ನೂರು ಪೆಟ್ಟಿಗೆಗೆ ಆರ್ಡರ್ ಕೊಟ್ಟಿದ್ದೇವೆ, ಇವತ್ತು ಅರವತ್ತು ಬಂದಿವೆ. ಅದನ್ನು ನಮೂದಿಸಿದ ಕೂಡಲೇ ಆರ್ಡರ್ ಮುಗಿಯಿತು ಎಂದು ತೋರಿಸುತ್ತಿದೆ. ಉಳಿದ ನಲವತ್ತನ್ನು ಯಾವ ಲೆಕ್ಕಕ್ಕೆ ಹಾಕಲಿ?’ ತಂತ್ರಾಂಶ ಸಿದ್ಧಪಡಿಸಿದವರ ಬಳಿ ಉತ್ತರವಿರಲಿಲ್ಲ. ಅದನ್ನು ಸರಿಪಡಿಸಿದ ಮೇಲೆಯೇ ಮುಂದಕ್ಕೆ ಹೋದೆವು. ಅಲ್ಲಿಂದಾಚೆಗೆ ಉಗ್ರಾಣದ ಉಳಿದವರಿಗೆ ಹೊಸ ವ್ಯವಸ್ಥೆಯನ್ನು ಕಲಿಸಿದವರು ಅವರೇ. ಅವರ ಮೇಜಿನ ಬಳಿ ಜನ ಬರುವುದು ನಿಲ್ಲಲಿಲ್ಲ.

ಇದು ಹೊಸದಾಗಿ ಕಂಡುಕೊಂಡ ಸಂಗತಿಯೇನಲ್ಲ. ಅಮೆರಿಕದ ವರ್ಜೀನಿಯಾದ ಪೈಜಾಮ ಕಾರ್ಖಾನೆಯೊಂದರಲ್ಲಿ ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ನಡೆಸಿದ ಪ್ರಯೋಗದ ವರದಿ 1948ರಲ್ಲೇ ಪ್ರಕಟವಾಗಿತ್ತು. ಅಲ್ಲಿ ಕೂಲಿ ಸಿಗುತ್ತಿದ್ದುದು ಮಾಡಿದ ಕೆಲಸದ ಎಣಿಕೆಯ ಮೇಲೆ. ಕೆಲಸದ ವಿಧಾನ ಬದಲಾಗಿದೆ ಎಂದು ಕೇವಲ ತಿಳಿಸಲಾದ ಗುಂಪಿನಲ್ಲಿ ಉತ್ಪಾದನೆ ಕುಸಿದು ಮೇಲೇಳಲೇ ಇಲ್ಲ. ಮೊದಲ 40 ದಿನಗಳಲ್ಲಿ ಶೇ. 17ರಷ್ಟು ಮಂದಿ ಕೆಲಸ ಬಿಟ್ಟರು. ಎಲ್ಲರೂ ಕುಳಿತು ಹೊಸ ವಿಧಾನವನ್ನು ರೂಪಿಸಿದ ಗುಂಪುಗಳು ಬೇಗನೆ ಚೇತರಿಸಿಕೊಂಡು ಹಿಂದಿನ ಮಟ್ಟವನ್ನೂ ಮೀರಿದವು. ಅವುಗಳಲ್ಲಿ ಯಾರೂ ಕೆಲಸ ಬಿಡಲಿಲ್ಲ. ಆದರೆ ಒಂದು ಎಚ್ಚರಿಕೆ ಬೇಕು: ಎಲ್ಲವನ್ನೂ ಮೊದಲೇ ನಿರ್ಧರಿಸಿ, ಆಮೇಲೆ ‘ನಿಮ್ಮ ಅಭಿಪ್ರಾಯವೇನು?’ ಎಂದು ಕೇಳುವ ಸಭೆಯನ್ನು ನೌಕರರು ಐದೇ ನಿಮಿಷದಲ್ಲಿ ಗುರುತಿಸುತ್ತಾರೆ. ಅಂಥ ಸಭೆಗಿಂತ ನೇರ ಆದೇಶವೇ ವಾಸಿ.

ಎಲ್ಲರ ಮನಸ್ಸಿನಲ್ಲಿದ್ದರೂ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ ‘ನನ್ನ ಕೆಲಸ ಉಳಿಯುತ್ತದೆಯೇ?’ ಎಂಬುದು. ಅದನ್ನು ನಾವೇ ಎತ್ತಿಕೊಂಡು ಉತ್ತರಿಸಬೇಕು. ಇನ್ನೂ ತೀರ್ಮಾನವಾಗಿಲ್ಲದಿದ್ದರೆ ಆಗಿಲ್ಲ ಎಂದೇ ಹೇಳಿ, ಯಾವ ದಿನ ತಿಳಿಸುತ್ತೇವೆ ಎಂದು ಮಾತು ಕೊಟ್ಟು, ಆ ದಿನ ತಪ್ಪದೆ ಅವರ ಮುಂದೆ ನಿಲ್ಲಬೇಕು. ಹೇಳಲು ಹೊಸದೇನೂ ಇಲ್ಲದಿದ್ದರೂ ಸರಿಯೇ. ತಂಡದ ಮುಖ್ಯಸ್ಥರಿಗೆ ವಿಷಯ ಒಂದು ದಿನ ಮೊದಲೇ ಗೊತ್ತಿರಲಿ. ನೌಕರರು ಮೊದಲು ಓಡಿಹೋಗಿ ಕೇಳುವುದು ಅವರನ್ನೇ.

ತರಬೇತಿಯ ಬಗ್ಗೆ ಇಷ್ಟೇ: ಎರಡು ತಿಂಗಳು ಮುಂಚೆ ಕೊಟ್ಟ ತರಬೇತಿ ಬಳಸುವ ಹೊತ್ತಿಗೆ ಮರೆತುಹೋಗಿರುತ್ತದೆ. ಕೆಲಸ ಶುರುವಾಗುವ ವಾರದಲ್ಲಿ ಪಕ್ಕದಲ್ಲೇ ಒಬ್ಬರು ಕುಳಿತು ಹೇಳಿಕೊಡುವುದು ಹೆಚ್ಚು ಉಪಯುಕ್ತ.

ಆಡಳಿತದವರೊಂದಿಗೆ ನಾನು ಇಂದಿಗೂ ವಾದಿಸುವುದು ಮೊದಲ ತಿಂಗಳ ಗುರಿಯ ವಿಚಾರದಲ್ಲಿ. ಹೊಸ ಕ್ರಮದಲ್ಲಿ ಕೈ ನಿಧಾನವಾಗುವುದು ಸಹಜ. ಆದರೂ ಹಳೆಯ ಗುರಿಯನ್ನೇ ಮುಂದಿಟ್ಟರೆ, ಅದನ್ನು ಮುಟ್ಟಲು ಜನ ಯಾರಿಗೂ ಕಾಣದಂತೆ ಹಳೆಯ ದಾರಿಗೇ ಮರಳುತ್ತಾರೆ, ಹಳೆಯ ಪುಸ್ತಕವನ್ನು ಡ್ರಾಯರಿನಲ್ಲಿಟ್ಟು ಎರಡೆರಡು ಬಾರಿ ಬರೆಯುತ್ತಾರೆ. ಆದ್ದರಿಂದ ಆ ತಿಂಗಳ ಗುರಿಯನ್ನು ಎಷ್ಟು ಇಳಿಸುತ್ತೇವೆ ಎಂಬುದನ್ನು, ಹಳೆಯ ವ್ಯವಸ್ಥೆ ಮುಚ್ಚುವ ದಿನಾಂಕದೊಂದಿಗೆ, ಮೊದಲ ಸುತ್ತೋಲೆಯಲ್ಲೇ ಬರೆಯಿಸುತ್ತೇನೆ.