ಕಾಕಾನ ಖಾನಾವಳಿ ಸ್ಟಾಕ್ ಲೆಕ್ಕ: ಗಿರಣಿನೂ ಒಂದ್ ಲೊಕೇಶನ್ನೇ

ದಿನ 1
ನಮ್ಮ ಕಾಕಾನ ಖಾನಾವಳಿ ನವನಗರದಾಗ, ಗೋದಾಮು ಮಾತ್ರ ಇನ್ನೂ ಹಳೇ ಬಾಗಲಕೋಟಿ ಮನಿಯಾಗ. ಬಿಲ್ ಹೊಡಿಯಾಕ ಪಿಓಎಸ್ ಅನ್ನೋ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿ ಎರಡು ವರ್ಷ ಆತು, ಒಳಗ ಸ್ಟಾಕ್ ಅಂತ ಒಂದು ಭಾಗ ಐತಿ, ಅದನ್ನ ಯಾರೂ ಮುಟ್ಟಿದ್ದಿಲ್ಲ. ಹೋದ ತಿಂಗಳ ಒಂದು ರವಿವಾರ ಮಧ್ಯಾಹ್ನ ಗಿರಾಕಿ ತುಂಬಿ ಕುಂತಾಗ ಎಣ್ಣಿ ಖಾಲಿ, ಗಾಡಿ ತಗೊಂಡು ಓಡಿ ಹೋಗಿ ನೋಡಿದ್ರ ಗೋದಾಮಿನಾಗ ಮೂರು ಡಬ್ಬಿ ಸೀಲ್ ಸುದ್ದಾ ಒಡದಿಲ್ಲ. "ತಮ್ಮಾ, ನೀ ಕಂಪ್ಯೂಟರ್ ಕಲ್ತಾಂವ, ಇದನ್ನೊಂದು ಹಳಿಗೆ ತರು" ಅಂದ್ರು ಕಾಕಾ. ಪಗಾರ ದಿನಾ ಒಂದೂಟ.

ಸ್ಟಾಕ್ ಭಾಗದಾಗ ಪ್ರತಿ ಐಟಂಗೂ ಒಂದು ಲೊಕೇಶನ್ ಹಚ್ಚಬೇಕು. ಮೊದಲ್ನೇ ತಪ್ಪು ಅವತ್ತೇ ಮಾಡಿದೆ. ಲೊಕೇಶನ್ ಅಂದ್ರ ಸಾಮಾನು ಇಡೋ ಜಾಗ ಅಂತ ತಿಳಕೊಂಡು ಒಟ್ಟು ಹನ್ನೊಂದು ಮಾಡಿ ಕುಂತೆ, ಗೋದಾಮಿನ ಎಡಗಡೆ ಹಲಗಿ, ಬಲಗಡೆ ಹಲಗಿ, ಫ್ರಿಜ್ಜಿನ ಮ್ಯಾಲಿನ ಖಾನೆ, ಕೆಳಗಿನ ಖಾನೆ, ಒಲಿ ಹತ್ರದ ಕಪಾಟು, ಹಿಂಗ. ನೋಡಾಕ ಭಾರಿ ಛಂದ ಇತ್ತು.

ದಿನ 2
ಐಟಂ ಒಂದೊಂದಾಗಿ ಹಚ್ಚಿದ್ರ ಯುಗಾದಿ ಬರತೈತಿ ಅಂತ ಎಕ್ಸೆಲ್‌ನಾಗ ಪಟ್ಟಿ ಮಾಡಿ, ಮುಂದಿನ ಕಾಲಂನಾಗ ಲೊಕೇಶನ್ ಬರದು ಒಮ್ಮೆಲೇ ಏರಿಸಿದೆ. ಕನ್ನಡ ಹೆಸರೆಲ್ಲಾ ಪ್ರಶ್ನಾರ್ಥಕ ಚಿಹ್ನೆ ಆಗಿ ಬಂದ್ವು! ಸೇವ್ ಮಾಡೋವಾಗ ಬರೇ ಸಿಎಸ್‌ವಿ ಅಲ್ಲ, ಸಿಎಸ್‌ವಿ ಯುಟಿಎಫ್-8 ಅಂತ ಇರೋದನ್ನ ಆರಿಸಬೇಕು, ಇಷ್ಟಕ್ಕ ಒಂದು ಸಂಜಿ ಹೋತು. ಮತ್ತ ಶೇಂಗಾ, ಶೆಂಗಾ, ಸೇಂಗಾ ಅಂತ ಮೂರು ಐಟಂ ಹುಟ್ಟಿದ್ವು, ಮೂರೂ ಒಂದೇ ಚೀಲದ್ದು.

ದಿನ 5
ರಿಪೋರ್ಟ್ ತಗದ್ರ ಗೋದಾಮಿನಾಗ ಎಣ್ಣಿ ರಾಶಿ ಬಿದ್ದೈತಿ, ಅಡಗಿ ಮನಿಯಾಗ ಮೈನಸ್. ಕಾರಣ ಸರಳ ಐತಿ, ಆದ್ರ ತಿಳಿಯಾಕ ಅರ್ಧ ದಿನ ಬೇಕಾತು: ಖರೀದಿ ಎಂಟ್ರಿ ಹಾಕಿದಾಗ ಮಾಲು ಗೋದಾಮಿಗೆ ಏರತೈತಿ, ಬಿಲ್ ಹೊಡದಾಗ ರೆಸಿಪಿ (ಒಂದೂಟಕ್ಕ ಯಾವ ಸಾಮಾನು ಎಷ್ಟು ಅಂತ ಸಿಸ್ಟಮ್‌ನಾಗ ಬರದಿಟ್ಟ ಪಟ್ಟಿ) ಪ್ರಕಾರ ಅಡಗಿ ಮನಿಯಿಂದ ಇಳಿತೈತಿ, ನಡುವ ಅಲ್ಲಿಂದ ಇಲ್ಲಿಗೆ ಬಂತು ಅಂತ ಟ್ರಾನ್ಸ್‌ಫರ್ ಯಾರೂ ಬರದಿಲ್ಲ. ಶಾಣ್ಯಾತನ ಮಾಡಿ 'ಮೈನಸ್ ಆದ್ರ ತಡಿ' ಅನ್ನೋ ಸೆಟ್ಟಿಂಗ್ ಆನ್ ಮಾಡಿದೆ. ಮಧ್ಯಾಹ್ನ ಒಂದೂವರಿಗೆ ಬಿಲ್ಲೇ ಬರವಲ್ದು, ಕೌಂಟರ್ ಮುಂದ ಎಂಟು ಮಂದಿ ಕೈಯಾಗ ನೋಟು ಹಿಡಕೊಂಡು ನಿಂತಾರ, ಕಾಕಾ ನನ್ನ ಕಡೆ ನೋಡಿದ ನೋಟ ಇಲ್ಲಿ ಬರಿಯಾಂಗಿಲ್ಲ. ಆಫ್ ಮಾಡಿದೆ.

ಈಗ ಮುಂಜಾನಿ ಗೋದಾಮಿನಿಂದ ಏನೇನು ಹೇರಿದ್ರೋ ಅದನ್ನ ಕಾಕಾ ಒಂದು ಹಾಳಿಯಾಗ ಬರದು ಫೋಟೋ ಕಳಸ್ತಾರ, ನಾ ಒಂದೇ ಟ್ರಾನ್ಸ್‌ಫರ್ ಹಾಕ್ತೀನಿ.

ದಿನ 8
ಅಡಗಿ ಮಾಡೋ ಅಕ್ಕಾರು ಕೇಳಿದ್ರು, "ಮೊಸರು ಮ್ಯಾಲಿನ ಖಾನೆಯಿಂದ ಕೆಳಗ ಇಟ್ರೂ ನಿನಗ ಹೇಳಬೇಕೇನೋ ತಮ್ಮಾ?" ಖರೆ ಹೇಳಬೇಕಂದ್ರ ಇಷ್ಟ ದಿನದಾಗ ಇದರಷ್ಟು ಚಲೋ ಪ್ರಶ್ನೆ ಯಾರೂ ಕೇಳಿಲ್ಲ. ಸಾಮಾನು ಎಲ್ಲಿ ಕುಂತೈತಿ ಅನ್ನೋದಲ್ಲ, ಕಡಿಮಿ ಬಿದ್ರ ಯಾರನ್ನ ಕೇಳ್ತೀವಿ ಅನ್ನೋದು ಲೊಕೇಶನ್. ಗೋದಾಮು ಅಂದ್ರ ಕಾಕಾ, ಅಡಗಿ ಮನಿ ಅಂದ್ರ ಅಕ್ಕಾರು, ಕೌಂಟರ್ ಅಂದ್ರ ಬಿಲ್ಲಿಗೆ ಕುಂದ್ರೋ ಹುಡುಗ. ಹನ್ನೊಂದರಾಗ ಎಲ್ಲಾ ಅಳಿಸಿ ಮೂರು ಉಳಿಸಿದೆ, ಆಮ್ಯಾಲ ನಾಲ್ಕನೇದು ಒಂದು ಸೇರಿತು, ಗಿರಣಿ.

ನಗಬ್ಯಾಡ್ರಿ. ಜ್ವಾಳದ 50 ಕೆಜಿ ಚೀಲ ಗೋದಾಮಿನಿಂದ ಹೊಂಟು ಗಿರಣಿಗೆ ಹೋಗತೈತಿ, ಕರೆಂಟ್ ಇಲ್ಲಂದ್ರ ಅಲ್ಲೇ ರಾತ್ರಿ ಉಳಿತೈತಿ, ಮರುದಿನ ಹಿಟ್ಟಾಗಿ ಅಡಗಿ ಮನಿಗೆ ಬರತೈತಿ. ಆ ನಡುವಿನ ಒಂದು ದಿನ ಚೀಲ ಸಿಸ್ಟಮ್‌ನಾಗ ಎಲ್ಲೂ ಇರ್ತಿರಲಿಲ್ಲ, ಕಾಕಾ ಕಳುವಾತು ಅಂತಿದ್ರು. ಈಗ ಗಿರಣಿಗೆ ಟ್ರಾನ್ಸ್‌ಫರ್, ಅಲ್ಲಿ ಜ್ವಾಳ ಇಳಿಸಿ ಹಿಟ್ಟು ಏರಿಸೋ ಎಂಟ್ರಿ, ಆಮ್ಯಾಲ ಅಡಗಿ ಮನಿ. ಮೊನ್ನೆ ತೂಗಿ ನೋಡಿದ್ವಿ, 50ಕ್ಕ 49 ಕೆಜಿ ಮ್ಯಾಲ ಸ್ವಲ್ಪ ಬಂತು, ಉಳಿದಿದ್ದು ಹಾರಿ ಹೋದ ಹಿಟ್ಟು ಅಂತ ವೇಸ್ಟೇಜ್‌ಗೆ ಬರದೆ.

ದಿನ 12
ಶೇಂಗಾ ಚಟ್ನಿ ತಲಿ ತಿಂತು. ಅದು ಊಟದ ತಾಟಿನಾಗೂ ಹೋಗತೈತಿ, ಕೌಂಟರ್‌ನಾಗ 200 ಗ್ರಾಂ ಪಾಕೀಟಾಗಿನೂ ಮಾರತೈತಿ. ಒಂದು ಐಟಂಗೆ ಒಂದೇ ಲೊಕೇಶನ್ ಕೊಟ್ಟಿದ್ದಕ್ಕ ಪಾಕೀಟು ಮಾರಿದ್ರೂ ಅಡಗಿ ಮನಿ ಚಟ್ನಿ ಇಳಿತಿತ್ತು. ಪಾಕೀಟನ್ನ ಬ್ಯಾರೆ ಐಟಂ ಮಾಡಿ ಕೌಂಟರ್‌ಗೆ ಹಚ್ಚಿದೆ, ಅಕ್ಕಾರು ಪ್ಯಾಕ್ ಮಾಡಿದಾಗ ಚಟ್ನಿ ಇಳಿದು ಪಾಕೀಟು ಏರತಾವ. ಗುರೆಳ್ಳು, ಅಗಸಿ ಚಟ್ನಿಗೂ ಹಿಂಗೇ.

ಎಣ್ಣಿ ಮೈನಸ್ ಇನ್ನೂ ಪೂರಾ ಹೋಗಿರಲಿಲ್ಲ, ಟ್ರಾನ್ಸ್‌ಫರ್ ಹಾಕಿದ್ರೂ. ಕಡೀಕ ಡಬ್ಬಿ ತಿರುಗಿಸಿ ಓದಿದೆ, 15 ಕೆಜಿ. ನಾ ಹಾಕಿದ್ದು 15 ಲೀಟರ್. ಎಣ್ಣಿ ನೀರಿಗಿಂತ ಹಗುರ, 15 ಕೆಜಿ ಅಂದ್ರ ಹೆಚ್ಚೂ ಕಡಿಮಿ ಹದಿನಾರೂವರಿ ಲೀಟರ್ ಆಗತೈತಿ. ರೆಸಿಪಿಯೊಳಗ ಸೌಟಿನ ಅಳತಿ ಮಿಲಿ ಲೀಟರ್‌ನಾಗ ಬರದಿದ್ದೆ, ಹಿಂಗಾಗಿ ಪ್ರತಿ ಡಬ್ಬಿಗೂ ಒಂದೂವರಿ ಲೀಟರ್ ಲೆಕ್ಕದಾಗ ಇಲ್ಲ, ಡಬ್ಬಿಯೊಳಗ ಐತಿ. ಎಲ್ಲಾ ಗ್ರಾಂಗೆ ಬದಲಿ ಮಾಡಿದೆ.

ದಿನ 16
ಉಳಿದಿದ್ದು ರೊಟ್ಟಿ. ಊಟಕ್ಕ ರೇಟ್ ಒಂದೇ, ರೊಟ್ಟಿ ಸಾಕನ್ನೋ ತನಕಾ. ಸಿಸ್ಟಮ್‌ಗೆ 'ಸಾಕನ್ನೋ ತನಕಾ' ಅಂತ ಒಂದು ಅಂಕಿ ಇಲ್ಲ. ಸದ್ಯ ಊಟಕ್ಕ ನಾಲ್ಕು ರೊಟ್ಟಿ ಅಂತ ಹಾಕೀನಿ, ಆಫೀಸಿನವರು ಬರೋ ದಿನ ಹಿಟ್ಟು ಲೆಕ್ಕಕ್ಕಿಂತ ಹೆಚ್ಚು ಉಳಿತೈತಿ, ಸಂತಿ ದಿನ ಹಳ್ಳಿ ಮಂದಿ ಬಂದ್ರ ಕಡಿಮಿ ಬೀಳತೈತಿ. ದಿನಾ ರಾತ್ರಿ ಉಳಿದ ಹಿಟ್ಟು ತೂಗಿ ತಿದ್ದಾಕತ್ತೀನಿ. ಅಕ್ಕಾರು ಇವತ್ತು ತಕ್ಕಡಿ ಮ್ಯಾಲ ಪರಾತ ಇಡಾಕ ಮೊದಲೇ ಹೇಳಿದ್ರು, "ಮೂರು ಕಿಲೋ ಉಳಿದೈತಿ ನೋಡು." ತೂಗಿದ್ರ ಮೂರು ಕೆಜಿ ನಲವತ್ತು ಗ್ರಾಂ.