ಮೂರು ಬಣ್ಣದ ನಕ್ಷೆ
ಏಪ್ರಿಲ್ 22, 2025, ಮಂಗಳವಾರ. ಹೊಸನಗರ ತಾಲ್ಲೂಕು

ಜನವರಿಯಲ್ಲಿ ಪರೀಕ್ಷೆಗೆ ಕೊಟ್ಟಿದ್ದ 14 ಮಣ್ಣಿನ ಮಾದರಿಗಳ ವರದಿ ಇವತ್ತು ಕೈಸೇರಿತು. ಊಟ ಮುಗಿದದ್ದೇ ತಡ, ಜಗಲಿಯಲ್ಲಿ ಜಮೀನಿನ ನಕ್ಷೆ ಹರಡಿಕೊಂಡು ಬಣ್ಣದ ಪೆನ್ಸಿಲ್ ಹಿಡಿದು ಕುಳಿತೆ. ರಸಸಾರ ಅಂದರೆ ಮಣ್ಣಿನ ಹುಳಿಯ ಅಳತೆ (pH), ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಅದು 5ಕ್ಕಿಂತ ಕೆಳಗಿದ್ದಲ್ಲಿ ಕೆಂಪು, 5.5ರವರೆಗೆ ಕಿತ್ತಳೆ, ಅದರಿಂದ ಮೇಲೆ ಹಸಿರು. ಅಡಿಕೆ ತೋಟದ ಒಂದು ಮೂಲೆ ಬಿಟ್ಟರೆ ಹಸಿರು ಪೆನ್ಸಿಲಿಗೆ ಕೆಲಸವೇ ಬೀಳಲಿಲ್ಲ. ಅಜ್ಜಿ ಇದ್ದಷ್ಟು ದಿನವೂ ಒಲೆಯ ಬೂದಿ ಸುರಿಯುತ್ತಿದ್ದ ಮೂಲೆ ಅದು, ಬೂದಿ ಹುಳಿಯನ್ನು ತಗ್ಗಿಸುತ್ತದೆ.

ಮೇಲಿನ ಮಕ್ಕಿಗದ್ದೆಯದು, ಅಂದರೆ ಎತ್ತರದ ಮಳೆಯಾಶ್ರಿತ ಗದ್ದೆಯದು, 4.7. ಅಲ್ಲಿ ಭತ್ತ ಸೊರಗಿದಾಗಲೆಲ್ಲ ಚಿಕ್ಕಪ್ಪ ಯೂರಿಯಾ ಹೆಚ್ಚಿಸುತ್ತ ಬಂದಿದ್ದಾರೆ. ಆದರೆ ನಮ್ಮ ಮಳೆ ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಷ್ ಎಲ್ಲವನ್ನೂ ತೊಳೆದು ಹಳ್ಳಕ್ಕೆ ಒಯ್ಯುತ್ತದೆ. ಉಳಿಯುವ ಕಬ್ಬಿಣ, ಅಲ್ಯೂಮಿನಿಯಂ ಅಂಶಗಳು ನಾವು ಹಾಕಿದ ರಂಜಕವನ್ನು ಬೇರಿಗೆ ಸಿಗದಂತೆ ಹಿಡಿದುಕೊಳ್ಳುತ್ತವೆ. ಯೂರಿಯಾ ಆ ಹುಳಿಯನ್ನು ಇನ್ನಷ್ಟು ಏರಿಸುತ್ತದೆ. ಇಷ್ಟು ವರ್ಷ ಕೊರತೆ ಒಂದು, ಕೊಟ್ಟದ್ದು ಇನ್ನೊಂದು. ಅವರ ಬೆವರನ್ನು ನೆನೆದು ಹೊಟ್ಟೆ ಉರಿಯಿತು.

ಕೆಳಗಿನ ಬೈಲುಗದ್ದೆಯಲ್ಲೂ, ಅಂದರೆ ತಗ್ಗಿನ ಕೆಸರುಗದ್ದೆಯಲ್ಲೂ, ಇಳುವರಿ ಅಷ್ಟಕ್ಕಷ್ಟೇ, ಕಾರಣ ಮಾತ್ರ ಬೇರೆ. ಸಂಜೆ ಹೋಗಿ ಮತ್ತೆ ನೋಡಿದೆ. ದರೆಯ ಬುಡದಿಂದ ಒಸರುವ ನೀರಿನ ಮೇಲೆ ಎಣ್ಣೆ ಚೆಲ್ಲಿದಂತೆ ಹೊಳೆಯುವ ಪೊರೆ. ಕಡ್ಡಿ ತಾಗಿಸಿದೆ, ಗಾಜಿನ ಹಾಗೆ ಚೂರುಚೂರಾಯಿತು. ಎಣ್ಣೆಯಾಗಿದ್ದರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಅದು ಕಬ್ಬಿಣ. ಕಳೆದ ಮಳೆಗಾಲದಲ್ಲಿ ಕಿತ್ತು ನೋಡಿದ ಸಸಿಗಳ ಬೇರಿಗೆ ತುಕ್ಕು ಮೆತ್ತಿತ್ತು, ಎಲೆಯ ತುದಿಯಲ್ಲಿ ಕಂದು ಚುಕ್ಕೆಗಳಿದ್ದವು. ಇಲ್ಲಿ ಸಾವಯವ ಇಂಗಾಲಕ್ಕೆ ಬರವಿಲ್ಲ. ಮೊದಲು ಬೇಕಾದದ್ದು ಗೊಬ್ಬರವಲ್ಲ, ಬಸಿಗಾಲುವೆ. ತೋಟದಲ್ಲಿ ಎಳೆ ಅಡಿಕೆಕಾಯಿ ಸೀಳಿ ಉದುರುವ ಅಂಡೊಡಕಕ್ಕೂ ನೀರು ನಿಲ್ಲುವುದು, ಪೊಟ್ಯಾಷ್ ಸಾಲದಿರುವುದು ಎರಡೂ ಸೇರಿವೆ ಎಂದೇ ನನ್ನ ಎಣಿಕೆ.

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ನೀರಾವರಿ ಜಮೀನಿಗೆ 2.5 ಹೆಕ್ಟೇರಿಗೊಂದು, ಮಳೆಯಾಶ್ರಿತ ಜಮೀನಿಗೆ 10 ಹೆಕ್ಟೇರಿಗೊಂದು ಮಾದರಿ. ಬಯಲುಸೀಮೆಗೆ ಅದು ಸಾಕಾದೀತು. ನಮ್ಮಲ್ಲಿ ಒಂದು ಹೆಕ್ಟೇರಿನೊಳಗೇ ಜಂಬಿಟ್ಟಿಗೆಯ ಗುಡ್ಡ, ಮಕ್ಕಿ, ತೋಟ, ಕೆಸರಿನ ಬೈಲು ಎಲ್ಲವೂ ಬಂದುಹೋಗುತ್ತವೆ. ಅದಕ್ಕೇ ಒಂದೊಂದು ತುಂಡಿನಲ್ಲೂ ಹತ್ತು ಕಡೆ ಆರಂಗುಲ ಆಳದ ಗುಂಡಿ ತೆಗೆದು, ಬದು, ಮರದ ಬುಡ, ಗೊಬ್ಬರಗುಂಡಿ ತಪ್ಪಿಸಿ ಮಣ್ಣು ತೆಗೆದಿದ್ದೆ. ತೋಟದಲ್ಲಿ ಇನ್ನೂ ಆಳಕ್ಕೆ ಹೋಗಿದ್ದೆ.

ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ನಕ್ಷೆಯನ್ನು ಬಹಳ ಹೊತ್ತು ನೋಡಿದರು.

"ಹಾಗಾದರೆ ಹುಳಿ ತಗ್ಗಿಸಲು ಮಕ್ಕಿಗೆ ಸುಣ್ಣ ಯಾವಾಗ ಹಾಕಬೇಕು?"

"ನಾಟಿಗೆ ಎರಡು ಮೂರು ವಾರ ಮೊದಲೇ ಹಾಕಿ ಉಳಬೇಕು, ಚಿಕ್ಕಪ್ಪ. ಯೂರಿಯಾದ ಜೊತೆಗೆ ಹಾಕಬಾರದು."

ಅವರು ತಲೆಯಾಡಿಸಿ, ಹಳ್ಳದಾಚೆಯ ಬಣ್ಣವಿಲ್ಲದ ತುಂಡಿನ ಮೇಲೆ ಬೆರಳಿಟ್ಟರು. "ಇದನ್ನು ಏಕೆ ಬಿಟ್ಟೆ?"

ಬೆಳಗ್ಗೆ ಇಬ್ಬರೂ ಗುದ್ದಲಿ ಹಿಡಿದು ಅಲ್ಲಿಗೆ ಹೋಗುತ್ತಿದ್ದೇವೆ.